ಒಂದು ವಚನ ಕಿತ್ತು ತೋರಿಸಿದ್ರೆ ಅದು ಬೈಬಲ್ ಅಧಿಕಾರ ಆಗಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳ ಕಾಲಂನಲ್ಲಿ ಒಬ್ರು ಬರೆದಿದ್ರು, ಕ್ರೈಸ್ತರಿಗೆ ಬೈಬಲ್ಲೇ ಕೊನೇ ಮಾತು, ಪಾಸ್ಟರ್ ಒಂದು ವಚನ ಎತ್ತಿ ಹೇಳಿಬಿಟ್ರೆ ಮುಗೀತು, ಆಮೇಲೆ ಯಾರೂ ತಿರುಗಿ ಕೇಳೋ ಹಾಗಿಲ್ಲ ಅಂತ. ಬೈಯೋಕೆ ಬರೆದ ಹಾಗಿರಲಿಲ್ಲ, ಬೇಜಾರಲ್ಲಿ ಬರೆದ ಹಾಗಿತ್ತು, ಅದಕ್ಕೇ ಉತ್ತರ ಕೊಡ್ಬೇಕು ಅನ್ನಿಸ್ತು. ಅವರ ಮಾತಲ್ಲಿ ಅರ್ಧ ನಿಜ ಇದೆ. ನಾನು ಹುಟ್ಟಿದಾಗಿಂದ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ಬೆಳೆದವಳು, ಎಷ್ಟೋ ವರ್ಷದಿಂದ ಸಂಡೆ ಸ್ಕೂಲ್ ಟೀಚರ್, ಬೈಬಲ್ ದೇವರ ವಾಕ್ಯ ಅನ್ನೋದರಲ್ಲಿ ನನಗೆ ಎಳ್ಳಷ್ಟೂ ಅನುಮಾನ ಇಲ್ಲ. ಆದರೆ ಉಳಿದರ್ಧ ಇದೆಯಲ್ಲ, ಪಾಸ್ಟರ್ ವಚನ ಹೇಳಿದ್ರೆ ಮುಗೀತು ಅನ್ನೋದು, ಅದು ಈ ನಂಬಿಕೆಗೆ ಪೂರ್ತಿ ಉಲ್ಟಾ. ಬೈಬಲ್ ಕೊನೇ ಮಾತು ಅಂತ ಒಪ್ಕೊಂಡ ಮೇಲೆ ಪಾಸ್ಟರ್ ಮಾತು ಕೊನೇ ಮಾತು ಹೇಗಾಗುತ್ತೆ? ಇಷ್ಟು ವಿಷ್ಯ ನಮ್ಮ ಸಭೆಗಳಲ್ಲೇ ಎಷ್ಟೋ ಜನಕ್ಕೆ ಮರೆತುಹೋಗಿದೆ, ಹೊರಗಿನವರು ತಪ್ಪು ತಿಳ್ಕೊಂಡ್ರೆ ಅವರನ್ನ ಏನು ಅನ್ನೋದು.

ಬೈಬಲಿನ ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕದ 17ನೇ ಅಧ್ಯಾಯದಲ್ಲಿ ಬೆರೋಯ ಅಂತ ಒಂದು ಊರು ಬರುತ್ತೆ. ಥೆಸಲೊನೀಕದಲ್ಲಿ ಗಲಾಟೆ ಎದ್ದು ಪೌಲನನ್ನೂ ಸೀಲನನ್ನೂ ರಾತ್ರೋರಾತ್ರಿ ಅಲ್ಲಿಂದ ಕಳಿಸಿಬಿಡ್ತಾರೆ, ಅವರು ಬೆರೋಯಕ್ಕೆ ಬಂದು ಸಭಾಮಂದಿರದಲ್ಲಿ ಮಾತಾಡ್ತಾರೆ, ಜನ ಆಸೆಯಿಂದ ಕೇಳ್ತಾರೆ, ಆದರೆ ಕೇಳಿಸ್ಕೊಂಡು ಸುಮ್ನೆ ಮನೆಗೆ ಹೋಗಲ್ಲ, ದಿನಾ ಶಾಸ್ತ್ರ, ಅಂದ್ರೆ ತಮ್ಮ ಧರ್ಮಗ್ರಂಥ, ತೆಗೆದು ಈ ಮನುಷ್ಯ ಹೇಳ್ತಿರೋದು ಹೌದೋ ಅಲ್ವೋ ಅಂತ ಹುಡುಕಿ ನೋಡ್ತಾರೆ. ಯಾರ ಮಾತನ್ನ? ಪೌಲನ ಮಾತನ್ನ! ಹೊಸ ಒಡಂಬಡಿಕೆಯಲ್ಲಿ ಯಾರ ಹೆಸರಲ್ಲಿ ಅಷ್ಟೊಂದು ಪತ್ರಗಳಿವೆಯೋ ಆ ಪೌಲನ ಮಾತನ್ನೇ ಚೆಕ್ ಮಾಡಿದ್ರು. ಅದನ್ನ ಬರೆದ ಲೂಕ ಅವರನ್ನ ಸೊಕ್ಕಿನವರು ಅಂತ ಬರೆಯಲಿಲ್ಲ, ಥೆಸಲೊನೀಕದವರಿಗಿಂತ ಒಳ್ಳೆ ಗುಣದವರು ಅಂತ ಬರೆದ. ಶಾಸ್ತ್ರದ ಅಧಿಕಾರ ಅಂತ ಮಾತು ಬಂದಾಗ ಎಲ್ಲರೂ 2 ತಿಮೊಥೆಯ 3:16 ಹೇಳ್ತಾರೆ, ಶಾಸ್ತ್ರವೆಲ್ಲ ದೈವಪ್ರೇರಿತ ಅನ್ನೋ ವಚನ, ಸರಿ, ಆದರೆ ಆ ಅಧಿಕಾರ ಸಭೆಯೊಳಗೆ ಹೇಗೆ ನಡೀಬೇಕು ಅಂತ ತೋರಿಸಿಕೊಟ್ಟವರು ಈ ಬೆರೋಯದವರು. ಪೌಲನನ್ನೇ ಪರೀಕ್ಷೆ ಮಾಡಬಹುದು ಅಂದ್ರೆ ಯೂಟ್ಯೂಬ್‌ನಲ್ಲಿ ಸೂಟು ಹಾಕ್ಕೊಂಡು ನಿಂತ ಪ್ರವಾದಿಯನ್ನ ಯಾಕೆ ಮಾಡಬಾರದು?

ಈಗ ಏನು ನಡೀತಿದೆ ಅಂತ ಹೇಳ್ತೀನಿ. ಬೆಳಿಗ್ಗೆ ಎದ್ದು ವಾಟ್ಸಾಪ್ ತೆಗೆದ್ರೆ ಸೂರ್ಯೋದಯದ ಫೋಟೋ ಮೇಲೆ ಒಂದು ವಚನ, ಹತ್ತು ಗ್ರೂಪಲ್ಲಿ ಅದೇ. ಎಲ್ಲಕ್ಕಿಂತ ಜಾಸ್ತಿ ಬರೋದು ಯೆರೆಮೀಯ 29:11, ನಿಮ್ಮ ವಿಷಯದಲ್ಲಿ ನನಗಿರೋ ಯೋಚನೆ ಅಹಿತದ್ದಲ್ಲ ಹಿತದ್ದು, ನಿಮಗೆ ನಿರೀಕ್ಷೆ ಕೊಡೋದು ಅಂತ ದೇವರು ಹೇಳೋ ಮಾತು. ಬಹಳ ಒಳ್ಳೆ ವಚನ, ನನಗೂ ಇಷ್ಟ. ಇದನ್ನ ಹಿಡ್ಕೊಂಡು ಪ್ರೇಯರ್ ಮೀಟಿಂಗಲ್ಲಿ ಈ ವರ್ಷ ನಿನಗೆ ಮನೆ ಆಗುತ್ತೆ, ಮೂರು ತಿಂಗಳಲ್ಲಿ ವೀಸಾ ಬರುತ್ತೆ, ಸಾಲ ತೀರುತ್ತೆ ಅಂತ ಹೇಳ್ತಾರೆ. ಆದರೆ ಆ ಅಧ್ಯಾಯವನ್ನ ಮೊದಲಿಂದ ಓದಿ ನೋಡಿ ಸ್ವಲ್ಪ. ಅದು ಪ್ರವಾದಿ ಯೆರೆಮೀಯ ಬರೆದ ಕಾಗದ. ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿಂದ ಹಿಡ್ಕೊಂಡು ಹೋಗಿ ಬಾಬೆಲಲ್ಲಿ ಸೆರೆ ಇಟ್ಟ ಜನಕ್ಕೆ ಬರೆದಿದ್ದು, ಕ್ರಿಸ್ತ ಪೂರ್ವ 597ರಲ್ಲಿ ಹೋದ ಗುಂಪು ಅದು. ಆ ಜನಕ್ಕೆ ಯಾವಾಗ ಊರಿಗೆ ವಾಪಸ್ ಹೋಗ್ತೀವೋ ಅನ್ನೋದೊಂದೇ ಚಿಂತೆ. ಅವರಿಗೆ ಯೆರೆಮೀಯ ಏನು ಬರೀತಾನೆ? ಅಲ್ಲೇ ಮನೆ ಕಟ್ಕೊಳ್ಳಿ, ತೋಟ ಹಾಕ್ಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನ ಸೆರೆ ಒಯ್ದ ಆ ಊರಿನ ಕ್ಷೇಮಕ್ಕೆ ಪ್ರಾರ್ಥನೆ ಮಾಡಿ, ಯಾಕಂದ್ರೆ ಇದು 70 ವರ್ಷದ ಮಾತು ಅಂತ. 11ನೇ ವಚನದ ಹಿಂದಿನ ವಚನದಲ್ಲೇ ಇದೆ ಈ 70 ವರ್ಷ. ಅಂದ್ರೆ ಕಾಗದ ಓದಿಸ್ಕೊಂಡು ಕೇಳಿದವರಲ್ಲಿ ಬಹಳ ಜನ ಆ ಬಿಡುಗಡೆ ನೋಡೋಕೆ ಬದುಕಿರಲ್ಲ, ಮೊಮ್ಮಕ್ಕಳು ನೋಡ್ತಾರೆ.

ಅದಕ್ಕಿಂತ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅಂತ ಇನ್ನೊಬ್ಬ ಪ್ರವಾದಿ ಇದ್ದಾನೆ. ಯೆರೆಮೀಯ ಕುತ್ತಿಗೆಗೆ ಮರದ ನೊಗ ಹಾಕ್ಕೊಂಡು ಓಡಾಡ್ತಿದ್ದ, ಬಾಬೆಲಿನ ಕೈಕೆಳಗೆ ಇನ್ನೂ ಬಹಳ ಕಾಲ ಇರ್ಬೇಕಾಗುತ್ತೆ ಅಂತ ತೋರಿಸೋಕೆ. ಹನನ್ಯ ಬಂದು ದೇವಾಲಯದಲ್ಲಿ ಎಲ್ಲರ ಎದುರಿಗೆ ಆ ನೊಗ ಕಿತ್ತು ಮುರಿದು, ದೇವರು ಹೀಗೆ ಹೇಳ್ತಾರೆ, ಎರಡೇ ವರ್ಷ, ಎಲ್ಲ ವಾಪಸ್ ಬರುತ್ತೆ ಅಂತ ಘೋಷಣೆ ಮಾಡ್ತಾನೆ. ಜನಕ್ಕೆ ಯಾವುದು ಇಷ್ಟ ಆಗಿರ್ಬೇಕು ನೀವೇ ಹೇಳಿ, ಎರಡು ವರ್ಷವೋ 70 ವರ್ಷವೋ? ಯೆರೆಮೀಯ ಕೂಡ ಮೊದಲು ಆಮೆನ್, ದೇವರು ಹಾಗೇ ಮಾಡಲಿ ಅಂತಾನೆ, ಅವನಿಗೂ ಆಸೆ ಇತ್ತು. ಆದರೆ ಹನನ್ಯ ಹೇಳಿದ್ದು ಸುಳ್ಳು ಅಂತ ಆಮೇಲೆ ಬರುತ್ತೆ, ಅದೇ ವರ್ಷ ಅವನು ಸತ್ತೂ ಹೋಗ್ತಾನೆ. 29ನೇ ಅಧ್ಯಾಯದ 8, 9ನೇ ವಚನದಲ್ಲಿ ನಿಮ್ಮ ನಡುವೆ ಇರೋ ಪ್ರವಾದಿಗಳಿಗೆ ಮೋಸ ಹೋಗಬೇಡಿ, ನಾನು ಅವರನ್ನ ಕಳಿಸಿಲ್ಲ ಅಂತ ಸಾಫ್ ಸಾಫ್ ಬರೆದಿದೆ. ಬೇಗ ಆಗುತ್ತೆ ಬೇಗ ಆಗುತ್ತೆ ಅನ್ನೋ ಪ್ರವಾದಿಗಳನ್ನ ನಂಬಬೇಡಿ ಅಂತ ಎಚ್ಚರಿಕೆ ಕೊಟ್ಟು ಎರಡು ವಚನ ಆದ ಮೇಲೆ ಬರೋ ಮಾತನ್ನ ಕಿತ್ಕೊಂಡು, ಬೇಗ ಆಗುತ್ತೆ ಅಂತ ಹೇಳೋಕೆ ಬಳಸ್ತಾರೆ. ಇದನ್ನ ನೆನೆಸ್ಕೊಂಡ್ರೆ ನನಗೆ ಸಂಕಟ ಆಗುತ್ತೆ. ಕಷ್ಟದಲ್ಲಿರೋ ಜನಕ್ಕೆ ಆ ಅಧ್ಯಾಯ ಪೂರ್ತಿ ಓದಿ ಹೇಳಿದ್ರೆ ಎಂಥಾ ಬಲ ಸಿಗುತ್ತೆ ಗೊತ್ತಾ, ಇರೋ ಊರಲ್ಲೇ ಗಿಡ ನೆಡು, ನಿನ್ನ ಕಾಲದಲ್ಲಿ ಆಗದಿದ್ರೂ ದೇವರು ಮರೆತಿಲ್ಲ ಅನ್ನೋ ಬಲ. ಅದನ್ನ ಬಿಟ್ಟು ಲಾಟರಿ ಟಿಕೆಟ್ ಥರ ಒಂದು ಸಾಲು ಹಂಚ್ತಿದ್ದೀವಿ.

ಇನ್ನೊಂದು, ಪ್ರಶ್ನೆ ಕೇಳಿದವರ ಬಾಯಿ ಮುಚ್ಚಿಸೋಕೆ ಇಟ್ಕೊಂಡಿರೋ ವಚನ, ಕೀರ್ತನೆ 105:15, ನಾನು ಅಭಿಷೇಕಿಸಿದವರನ್ನ ಮುಟ್ಟಬೇಡಿ, ನನ್ನ ಪ್ರವಾದಿಗಳಿಗೆ ಕೇಡು ಮಾಡಬೇಡಿ ಅನ್ನೋದು. ಕಾಣಿಕೆ ಲೆಕ್ಕ ಕೇಳಿದ್ರೆ ಇದು, ಟ್ರಸ್ಟ್ ಯಾರ ಹೆಸರಲ್ಲಿದೆ ಅಂದ್ರೆ ಇದು, ಪ್ರಸಂಗದಲ್ಲಿ ಹೇಳಿದ್ದು ಎಲ್ಲಿದೆ ಅಂತ ಕೇಳಿದ್ರೂ ಇದೇ. ಮೇಲಿನ ಮೂರು ವಚನ ಓದಿದ್ರೆ ಸಾಕು. ಅಲ್ಲಿ ಹೇಳ್ತಿರೋದು ಅಬ್ರಹಾಮ, ಇಸಾಕ, ಯಾಕೋಬ ಇವರ ಮನೆಯವರ ಬಗ್ಗೆ, ಎಣಿಕೆಗೆ ಸಿಗೋ ಅಷ್ಟೇ ಜನ, ಸ್ವಂತ ನೆಲ ಇಲ್ಲ, ದೇಶದಿಂದ ದೇಶಕ್ಕೆ ಅಲೀತಿದ್ರು, ಅವರ ಸಲುವಾಗಿ ದೇವರು ಅರಸರನ್ನ ಗದರಿಸಿ ಇವರನ್ನ ಮುಟ್ಟಬೇಡಿ ಅಂದ್ರು. ಅಲ್ಲಿ ಗದರಿಕೆ ಅಧಿಕಾರ ಇರೋವರಿಗೆ, ಕಾಪಾಡಿದ್ದು ದಿಕ್ಕಿಲ್ಲದ ವಲಸೆಯವರನ್ನ. ಈಗ ಸ್ಟೇಜ್ ಮೇಲಿರೋರು ಕೆಳಗೆ ಕೂತಿರೋರನ್ನ ಗದರಿಸೋಕೆ ಅದೇ ವಚನ. ದಾವೀದ ರಾಜ ಅಭಿಷಿಕ್ತ ಅಲ್ವಾ? ಅವನು ತಪ್ಪು ಮಾಡಿದಾಗ ಪ್ರವಾದಿ ನಾತಾನ ಹೋಗಿ ಮುಖಕ್ಕೆ, ಆ ತಪ್ಪು ಮಾಡಿದ ಮನುಷ್ಯ ನೀನೇ ಅಂತ ಹೇಳಿದ. ಯೇಸುವಿನ ಶಿಷ್ಯ ಪೇತ್ರ ತಪ್ಪು ಮಾಡಿದಾಗ ಎಲ್ಲರ ಎದುರಿಗೆ ಪೌಲ ಅವನನ್ನ ತರಾಟೆಗೆ ತಗೊಂಡ, ಗಲಾತ್ಯ ಎರಡನೇ ಅಧ್ಯಾಯ. ಅಭಿಷೇಕ ಆದವರನ್ನ ಪ್ರಶ್ನೆ ಮಾಡಬಾರದು ಅನ್ನೋದು ಬೈಬಲಲ್ಲಿ ಎಲ್ಲೂ ಇಲ್ಲ.

ದಶಮಾಂಶ, ಅಂದ್ರೆ ಆದಾಯದ ಹತ್ತನೇ ಒಂದು ಪಾಲು ದೇವರಿಗೆ ಕೊಡೋದು, ಅದರ ವಿಷ್ಯವೂ ಇಷ್ಟೇ. ಮಲಾಕಿಯ 3:10 ಓದ್ತಾರೆ, ದಶಮಾಂಶ ತನ್ನಿ, ಪರಲೋಕದ ಕಿಟಕಿ ತೆರೀತೀನಿ ಅನ್ನೋದು. ಅದೇ ಅಧ್ಯಾಯದ 5ನೇ ವಚನದಲ್ಲಿ ಕೂಲಿಯವರ ಕೂಲಿ ಹಿಡ್ಕೊಳ್ಳೋರು, ವಿಧವೆಯರನ್ನ ಅನಾಥರನ್ನ ಹಿಂಸೆ ಮಾಡೋರು, ಪರದೇಶಿಗೆ ಅನ್ಯಾಯ ಮಾಡೋರು ಇವರ ವಿರುದ್ಧ ನಾನೇ ಸಾಕ್ಷಿಯಾಗಿ ಬರ್ತೀನಿ ಅಂತ ದೇವರು ಹೇಳಿದ್ದಾರೆ, ಎರಡನೇ ಅಧ್ಯಾಯ ಶುರುವಾಗೋದೇ ಯಾಜಕರೇ ಇದು ನಿಮಗೆ ಅಂತ. ಧರ್ಮೋಪದೇಶಕಾಂಡ 14ರಲ್ಲಿ ಮೂರು ವರ್ಷಕ್ಕೊಮ್ಮೆ ದಶಮಾಂಶ ಊರೊಳಗೇ ಇಟ್ಟು ದೇವಾಲಯದ ಸೇವೆ ಮಾಡೋ ಲೇವಿಯರ ಜೊತೆ ಪರದೇಶಿ, ಅನಾಥ, ವಿಧವೆ ಹೊಟ್ಟೆ ತುಂಬಾ ಊಟ ಮಾಡಲಿ ಅಂತಿದೆ. ಇದರ ಮೇಲೆ ಪ್ರಸಂಗ ನಾನಂತೂ ಅಪರೂಪಕ್ಕೆ ಕೇಳಿದ್ದೀನಿ.

ಈಗ ನಿಜವಾಗಿ ನನ್ನನ್ನ ಈ ಪತ್ರ ಬರೆಯೋ ಹಾಗೆ ಮಾಡಿದ್ದು ಹೇಳ್ತೀನಿ. ನಮ್ಮ ಬೀದಿಯಲ್ಲಿ ಒಬ್ಬ ಆಂಟಿ ಇದ್ದಾರೆ, ವರ್ಷಗಟ್ಟಲೆ ಶುಗರ್, ಇನ್ಸುಲಿನ್ ಮೇಲೆ ಇರೋರು. ಒಂದು ಸ್ವಸ್ಥತೆಯ ಕೂಟಕ್ಕೆ ಹೋಗಿ ಬಂದ್ರು. ಅಲ್ಲಿ ಯೆಶಾಯ 53:5 ಹೇಳಿ, ಆತನ (ಅಂದ್ರೆ ಯೇಸುವಿನ) ಬಾಸುಂಡೆಗಳಿಂದ ನಮಗೆ ಗುಣವಾಯಿತು ಅಂತ ಬರೆದಿದೆ, ಗುಣ ಆಗುತ್ತೆ ಅಂತ ಬರೆದಿಲ್ಲ, ಆಗಿಹೋಗಿದೆ, ಇನ್ನು ಸೂಜಿ ಚುಚ್ಕೊಂಡ್ರೆ ಅದು ಅಪನಂಬಿಕೆ ಅಂದಿದ್ದಾರೆ. ಸುಮಾರು ದಿನ ಆದ ಮೇಲೆ ನಾನು ಮನೆಗೆ ಹೋದಾಗ ಮಜ್ಜಿಗೆ ಕೊಡೋಕೆ ಫ್ರಿಡ್ಜ್ ತೆಗೆದ್ರು, ಬಾಗಿಲಲ್ಲಿ ಮೊಟ್ಟೆ ಇಡೋ ಜಾಗದಲ್ಲಿ ಇನ್ಸುಲಿನ್ ಬಾಟ್ಲಿಗಳು ಸೀಲ್ ಒಡೆಯದೇ ಹಾಗೇ ಕೂತಿದ್ವು, ಪಕ್ಕದಲ್ಲೇ ಪ್ರಾರ್ಥನೆ ಮಾಡಿ ಕೊಟ್ಟ ಎಣ್ಣೆ ಬಾಟ್ಲು, ಅದು ಮಾತ್ರ ಅರ್ಧ ಖಾಲಿ. ಕಾಲಲ್ಲಿ ಗಾಯ ಆಗಿತ್ತು, ಬಟ್ಟೆ ಸುತ್ಕೊಂಡಿದ್ರು, ವಾಸನೆ ಬರ್ತಿತ್ತು. ಆಮೇಲೆ ಆಸ್ಪತ್ರೆಗೆ ಸೇರಿಸಿ ಎರಡು ಬೆರಳು ತೆಗೀಬೇಕಾಯ್ತು. ಅವರು ದಡ್ಡರಲ್ಲ ಸಾರ್, ದೇವರ ವಾಕ್ಯವನ್ನ ಪ್ರಾಣಕ್ಕಿಂತ ಹೆಚ್ಚಾಗಿ ನಂಬೋ ಹೆಂಗಸು, ಆ ನಂಬಿಕೆಯನ್ನೇ ಯಾರೋ ಹೀಗೆ ದುರುಪಯೋಗ ಮಾಡಿದ್ರು. ಅದೇ ಪೇತ್ರನ ಮೊದಲನೇ ಪತ್ರದಲ್ಲಿ ಈ ವಚನ ಮತ್ತೆ ಬರುತ್ತೆ, ಅಲ್ಲಿ ಮಾತು ಇರೋದು ಪಾಪದಿಂದ ಬಿಡುಗಡೆ ಬಗ್ಗೆ, ಶುಗರ್ ಬಗ್ಗೆ ಅಲ್ಲ. ದೇವರು ಗುಣ ಮಾಡಲ್ಲ ಅಂತ ನಾನು ಹೇಳ್ತಿಲ್ಲ, ನಾನೂ ಕಾಯಿಲೆಯವರಿಗೆ ಪ್ರಾರ್ಥನೆ ಮಾಡ್ತೀನಿ, ಯಾಕೋಬನ ಪತ್ರ ಹಾಗೆ ಮಾಡಿ ಅಂತಾನೇ ಹೇಳುತ್ತೆ. ಆದರೆ ಅದೇ ಯೆಶಾಯ ಹಿಜ್ಕೀಯ ರಾಜನಿಗೆ ಕುರು ಎದ್ದಾಗ ಅಂಜೂರದ ಹಣ್ಣು ಅರೆದು ಕಟ್ಟಿ ಅಂದ, ಪೌಲ ತಿಮೊಥೆಯನಿಗೆ ಹೊಟ್ಟೆ ಸರಿ ಇರಲ್ಲ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಬರೆದ, ತನ್ನ ಜೊತೆಗಾರ ತ್ರೊಫಿಮನನ್ನ ಕಾಯಿಲೆಯಲ್ಲಿ ಮಿಲೇತದಲ್ಲಿ ಬಿಟ್ಟು ಬಂದೆ ಅಂದ, ಜೊತೆಗಿದ್ದ ಲೂಕ ಡಾಕ್ಟರು. ಇದೂ ಶಾಸ್ತ್ರವೇ ತಾನೇ? ಇದಕ್ಕೆ ಅಧಿಕಾರ ಇಲ್ವಾ? ಇದೇ ಬೈಬಲ್ ಓದಿದ ಜನ ಮೈಸೂರಲ್ಲಿ ಮಿಷನ್ ಆಸ್ಪತ್ರೆ ಕಟ್ಟಿದ್ರು, ಗದಗ-ಬೆಟಗೇರಿಯಲ್ಲಿ ಕಟ್ಟಿದ್ರು, ವೆಲ್ಲೂರಲ್ಲಿ ಕಟ್ಟಿದ್ರು.

ಹಿಂದೆ ಇದಕ್ಕಿಂತ ದೊಡ್ಡ ಅನ್ಯಾಯಗಳು ಆಗಿವೆ. 1807ರಲ್ಲಿ ಲಂಡನ್ನಲ್ಲಿ ಒಂದು ಪುಸ್ತಕ ಪ್ರಿಂಟ್ ಆಯ್ತು, ವೆಸ್ಟ್ ಇಂಡೀಸ್‌ನ ಕಬ್ಬಿನ ತೋಟಗಳಲ್ಲಿ ದುಡೀತಿದ್ದ ಗುಲಾಮರಿಗೆ ಅಂತಾನೇ ಆರಿಸಿ ಮಾಡಿದ ಬೈಬಲ್ ಭಾಗಗಳು. ಅದರಲ್ಲಿ ಮೋಶೆ ಇಸ್ರಾಯೇಲ್ಯರನ್ನ ಐಗುಪ್ತದ ಗುಲಾಮಗಿರಿಯಿಂದ ಬಿಡಿಸ್ಕೊಂಡು ಬರೋ ಕತೆಯನ್ನೇ ತೆಗೆದುಹಾಕಿದ್ರು, ಹಳೆ ಒಡಂಬಡಿಕೆಯ ಬಹುಪಾಲು ಇಲ್ಲ, ದಾಸರೇ ಯಜಮಾನರಿಗೆ ವಿಧೇಯರಾಗಿರಿ ಅನ್ನೋ ಎಫೆಸ ಪತ್ರದ ವಚನ ಮಾತ್ರ ಜೋಪಾನವಾಗಿ ಇಟ್ಟಿದ್ರು. ಯೋಚನೆ ಮಾಡಿ, ಇಡೀ ಬೈಬಲ್ ಕೊಟ್ರೆ ತಮ್ಮ ವ್ಯವಸ್ಥೆ ಉಳಿಯಲ್ಲ ಅಂತ ಗುಲಾಮಗಿರಿ ನಡೆಸೋರಿಗೇ ಗೊತ್ತಿತ್ತು! ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರು 1845ರಲ್ಲಿ ಬೇರೆ ಆಗಿದ್ದು ಗುಲಾಮಗಿರಿಯ ವಿಷ್ಯಕ್ಕೇ, ಬೈಬಲ್ ಕೈಲಿ ಹಿಡ್ಕೊಂಡೇ ಅದನ್ನ ಸಮರ್ಥನೆ ಮಾಡಿದ್ರು, 1995ರಲ್ಲಿ ಕ್ಷಮೆ ಕೇಳಿದ್ರು, ನೂರೈವತ್ತು ವರ್ಷ ಬೇಕಾಯ್ತು. ದಕ್ಷಿಣ ಆಫ್ರಿಕಾದಲ್ಲಿ ಬಿಳಿಯರ ಡಚ್ ರಿಫಾರ್ಮ್ಡ್ ಚರ್ಚ್‌ನವರು ಬಾಬೆಲ್ ಗೋಪುರದ ಕತೆ ತೋರಿಸಿ ದೇವರೇ ಜನಾಂಗಗಳನ್ನ ಬೇರೆ ಬೇರೆ ಮಾಡಿದ್ದಾರೆ ಅಂತ ವರ್ಣಭೇದಕ್ಕೆ ಆಧಾರ ಕೊಟ್ರು. ಅದನ್ನ ಎದುರಿಸಿದವರು ಯಾವುದನ್ನ ಹಿಡ್ಕೊಂಡು ಎದುರಿಸಿದ್ರು ಅಂದ್ಕೊಂಡ್ರಿ? ಅದೇ ಬೈಬಲ್. ಅದೇ ಡಚ್ ರಿಫಾರ್ಮ್ಡ್ ಪಂಗಡದ ಕಪ್ಪು ಮತ್ತು ಮಿಶ್ರ ಜನಾಂಗದ ಸಭೆಗಳಿಂದ ಬಂದ ವಿರೋಧ ಅದು, 1982ರಲ್ಲಿ ಒಟ್ಟಾವಾದಲ್ಲಿ ಸೇರಿದ ರಿಫಾರ್ಮ್ಡ್ ಸಭೆಗಳ ಜಾಗತಿಕ ಒಕ್ಕೂಟ ವರ್ಣಭೇದಕ್ಕೆ ದೈವಶಾಸ್ತ್ರದ ಸಮರ್ಥನೆ ಕೊಡೋದು ಪಾಷಂಡ ಬೋಧನೆ, ಅಂದ್ರೆ ಕ್ರೈಸ್ತ ನಂಬಿಕೆಗೆ ವಿರುದ್ಧವಾದ ಬೋಧನೆ, ಅಂತ ತೀರ್ಮಾನ ಮಾಡ್ತು, ಅದೇ ವರ್ಷ ದಕ್ಷಿಣ ಆಫ್ರಿಕಾದ ಬೆಲ್ಹಾರ್‌ನಲ್ಲಿ ಬರೆದ ವಿಶ್ವಾಸ ಪ್ರಮಾಣವನ್ನ 1986ರಲ್ಲಿ ಮಿಶ್ರ ಜನಾಂಗದವರ ಡಚ್ ರಿಫಾರ್ಮ್ಡ್ ಮಿಷನ್ ಚರ್ಚ್ ಅಂಗೀಕಾರ ಮಾಡ್ತು.

ಇದನ್ನ ನೋಡಿ ಕೆಲವರು, ಹಾಗಾದ್ರೆ ಯಾರು ಹೇಗೆ ಬೇಕಾದ್ರೂ ತಿರುಚಬಹುದಾದ ಪುಸ್ತಕಕ್ಕೆ ಅಧಿಕಾರ ಯಾಕೆ ಕೊಡ್ಬೇಕು ಅಂತ ಕೇಳ್ತಾರೆ. ನಿಮಗೆ ಪತ್ರ ಬರೆದವರ ಮನಸ್ಸಲ್ಲೂ ಅದಿತ್ತು ಅನ್ನಿಸುತ್ತೆ. ನನಗೆ ಇಲ್ಲಿ ಜರ್ಮನಿಯ ರೈತರು ನೆನಪಿಗೆ ಬರ್ತಾರೆ. 1521ರ ಏಪ್ರಿಲಲ್ಲಿ, ಪ್ರೊಟೆಸ್ಟೆಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ವರ್ಮ್ಸ್ ಊರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಎದುರಿಗೆ ನಿಂತು, ಪೋಪ್‌ಗಳೂ ಸಭಾಸಮಿತಿಗಳೂ ತಪ್ಪು ಮಾಡಿದ್ದುಂಟು, ಶಾಸ್ತ್ರದಿಂದ ಅಥವಾ ಸ್ಪಷ್ಟವಾದ ತರ್ಕದಿಂದ ನನ್ನ ತಪ್ಪು ತೋರಿಸಿ, ಇಲ್ಲದಿದ್ರೆ ಬರೆದಿದ್ದನ್ನ ವಾಪಸ್ ತಗೊಳ್ಳಲ್ಲ ಅಂದಿದ್ದು ಎಲ್ಲರಿಗೂ ಗೊತ್ತು, ಸಂಡೆ ಸ್ಕೂಲಲ್ಲಿ ಮಕ್ಕಳಿಗೂ ಹೇಳ್ತೀವಿ. ಮುಂದಿನ ವರ್ಷ ಸೆಪ್ಟೆಂಬರಿಗೆ ಅವನ ಜರ್ಮನ್ ಹೊಸ ಒಡಂಬಡಿಕೆ ಅಚ್ಚಾಯ್ತು. ನಾವು ಮಕ್ಕಳಿಗೆ ಹೇಳದೇ ಇರೋದು ಆಮೇಲಿನ ಕತೆ. 1525ರಲ್ಲಿ ಮೆಮಿಂಗನ್ ಅನ್ನೋ ಊರಲ್ಲಿ ರೈತರು ಸೇರಿ ಹನ್ನೆರಡು ಬೇಡಿಕೆ ಬರೆದ್ರು. ನಮ್ಮ ಸಭೆಯ ಪಾಸ್ಟರನ್ನ ನಾವೇ ಆರಿಸ್ತೀವಿ, ಕ್ರಿಸ್ತ ತನ್ನ ರಕ್ತ ಕೊಟ್ಟು ಎಲ್ಲರನ್ನೂ ಬಿಡಿಸಿದ ಮೇಲೆ ನಾವು ಒಡೆಯರ ಜೀತದಾಳು ಆಗಿರೋದು ಸರಿಯಲ್ಲ, ಕಾಡಿನ ಸೌದೆ, ಹೊಳೆಯ ಮೀನು ಎಲ್ಲರಿಗೂ ಸೇರಿದ್ದು ಅಂತೆಲ್ಲ, ಪಕ್ಕದಲ್ಲಿ ಬೈಬಲ್ ವಚನಗಳು. ಹನ್ನೆರಡನೇದು ನನಗೆ ಬಹಳ ಇಷ್ಟ. ಇದರಲ್ಲಿ ಯಾವುದಾದ್ರೂ ದೇವರ ವಾಕ್ಯಕ್ಕೆ ವಿರುದ್ಧ ಅಂತ ಶಾಸ್ತ್ರದಿಂದ ತೋರಿಸಿಕೊಟ್ರೆ ಆ ಬೇಡಿಕೆ ಬಿಟ್ಟುಬಿಡ್ತೀವಿ ಅಂತ ಬರೆದಿದ್ರು. ಲೂಥರ್ ಚಕ್ರವರ್ತಿ ಎದುರಿಗೆ ಹೇಳಿದ ಮಾತನ್ನೇ ಆ ರೈತರು ಒಡೆಯರ ಎದುರಿಗೆ ಹೇಳಿದ್ರು! ಲೂಥರ್ ಮೊದಲು ಎರಡೂ ಕಡೆಯವರಿಗೆ ಬುದ್ಧಿ ಹೇಳಿದ, ಗಲಭೆ ಜೋರಾದ ಮೇಲೆ ರೈತರನ್ನ ಹೊಡೆದುಹಾಕಿ ಅಂತ ಒಡೆಯರಿಗೆ ಬರೆದ, ಸಾವಿರಾರು ರೈತರು ಸತ್ರು. ನಾನು ಪ್ರೊಟೆಸ್ಟೆಂಟ್, ಲೂಥರ್ ಬಗ್ಗೆ ಗೌರವ ಇದೆ, ಆದರೂ ಹೇಳ್ತೀನಿ, 1525ರಲ್ಲಿ ಶಾಸ್ತ್ರದ ಅಧಿಕಾರವನ್ನ ಅವನಿಗಿಂತ ಆ ಮೆಮಿಂಗನ್ ರೈತರು ಚೆನ್ನಾಗಿ ಅರ್ಥ ಮಾಡ್ಕೊಂಡಿದ್ರು. ಬೇಡಿಕೆ ಇಡೋವಾಗಲೇ ನಮ್ಮನ್ನೂ ಇದರಿಂದಲೇ ತಿದ್ದಿ ಅಂತ ಸೇರಿಸೋದು ಸಣ್ಣ ಮಾತಲ್ಲ. ವಚನ ಹೇಳೋ ಮನುಷ್ಯ ಆ ವಚನದ ಕೆಳಗೆ ತಾನೂ ನಿಲ್ತಾನಾ ಅನ್ನೋದೊಂದು ನೋಡಿ, ಯಾರು ತಿರುಚ್ತಿದ್ದಾರೆ ಯಾರು ಇಲ್ಲ ಅನ್ನೋದು ಬಹಳ ಮಟ್ಟಿಗೆ ಗೊತ್ತಾಗುತ್ತೆ.

ಕ್ಯಾಥೊಲಿಕರ ವಿಷ್ಯ ಸ್ವಲ್ಪ ಬೇರೆ, ಅದನ್ನೂ ಹೇಳ್ಬೇಕು, ಯಾಕಂದ್ರೆ ಪತ್ರದಲ್ಲಿ ಎಲ್ಲ ಕ್ರೈಸ್ತರನ್ನ ಒಂದೇ ಮಾಡಿ ಬರೆದಿದ್ರು. ಅವರಲ್ಲಿ ಶಾಸ್ತ್ರದ ಜೊತೆಗೆ ಅಪೊಸ್ತಲರಿಂದ ಬಂದ ಪರಂಪರೆಗೂ ಅಧಿಕಾರ ಇದೆ, 1546ರಲ್ಲಿ ಅವರ ಬಿಷಪ್‌ಗಳ ಟ್ರೆಂಟ್ ಮಹಾಸಭೆ ಅದನ್ನ ಗಟ್ಟಿ ಮಾಡ್ತು, ಅರ್ಥ ಹೇಳೋ ಜವಾಬ್ದಾರಿ ಪೋಪ್ ಮತ್ತು ಬಿಷಪ್‌ಗಳದ್ದು. ಪ್ರೊಟೆಸ್ಟೆಂಟ್ ಬೈಬಲಲ್ಲಿ 66 ಪುಸ್ತಕ, ಅವರದರಲ್ಲಿ 73. ಆದರೆ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಕೊಟ್ಟ ದಸ್ತಾವೇಜಿನಲ್ಲಿ, ಅರ್ಥ ಹೇಳೋ ಆ ಅಧಿಕಾರ ದೇವರ ವಾಕ್ಯಕ್ಕಿಂತ ಮೇಲಲ್ಲ, ಅದರ ಸೇವೆ ಮಾಡೋದು ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ನಮ್ಮ ಸಿ.ಎಸ್.ಐ. 1947ರ ಸೆಪ್ಟೆಂಬರಲ್ಲಿ ಮದರಾಸಿನಲ್ಲಿ ಶುರುವಾದಾಗ ಆಂಗ್ಲಿಕನ್ನರು, ಮೆಥೊಡಿಸ್ಟರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲಿಸ್ಟರು ಬೇರೆ ಬೇರೆ ಪದ್ಧತಿಯಿಂದ ಬಂದು ಸೇರಿದ್ರು, ಸಂವಿಧಾನದಲ್ಲಿ ರಕ್ಷಣೆಗೆ ಬೇಕಾದ್ದೆಲ್ಲ ಶಾಸ್ತ್ರದಲ್ಲಿದೆ, ನಂಬಿಕೆಗೆ ಅದೇ ಅತ್ಯುನ್ನತ, ನಿರ್ಣಾಯಕ ಮಾನದಂಡ ಅಂತ ಬರೆದ್ಕೊಂಡ್ರು. ಎರಡೂ ಕಡೆ ದಾರಿ ಬೇರೆ ಇರಬಹುದು, ವೇದಿಕೆ ಮೇಲಿರೋ ಒಬ್ಬ ಮನುಷ್ಯ ವಾಕ್ಯದ ಮೇಲೆ ಅಂತ ಯಾರೂ ಹೇಳಿಲ್ಲ.

ನನಗೆ ಹೆಂಗಸಾಗಿ ಹೇಳೋಕೆ ಒಂದಿದೆ. ಹೆಂಗಸರು ಸಭೆಯಲ್ಲಿ ಮೌನವಾಗಿರಲಿ ಅನ್ನೋ 1 ಕೊರಿಂಥ 14:34 ನಮಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕ ಇಲ್ಲ. ಅದೇ ಪತ್ರ, ಮೂರು ಅಧ್ಯಾಯ ಹಿಂದೆ, 11:5ರಲ್ಲಿ ಹೆಂಗಸರು ಪ್ರಾರ್ಥನೆ ಮಾಡೋವಾಗ, ಪ್ರವಾದನೆ ಹೇಳೋವಾಗ ತಲೆ ಹೇಗಿರ್ಬೇಕು ಅಂತ ಪೌಲ ಹೇಳ್ತಾನೆ. ಬಾಯೇ ಬಿಡಬಾರದು ಅಂತಿದ್ರೆ ಇದು ಯಾಕೆ? ರೋಮಾಪುರದವರಿಗೆ ಬರೆದ ಪತ್ರದ ಕೊನೇ ಅಧ್ಯಾಯದಲ್ಲಿ ಫೊಯಿಬೆ ಅನ್ನೋ ಹೆಂಗಸನ್ನ ಸ್ವಾಗತಿಸಿ ಅಂತ ಹೇಳಿ, ಪ್ರಿಸ್ಕಳಿಂದ ಶುರುಮಾಡಿ ಸಾಲಾಗಿ ಹೆಂಗಸರ ಹೆಸರು ಹೇಳಿ ವಂದನೆ ಹೇಳ್ತಾನೆ. ಸಿ.ಎಸ್.ಐ. ಇದನ್ನೆಲ್ಲ ಇಟ್ಕೊಂಡು ಓದಿದ್ದಕ್ಕೇ ಹೆಂಗಸರಿಗೆ ಪಾದ್ರಿ ದೀಕ್ಷೆ ಕೊಡ್ತು, 2013ರಲ್ಲಿ ನಂದ್ಯಾಲಕ್ಕೆ ಪುಷ್ಪ ಲಲಿತಾ ಅವರು ಬಿಷಪ್ ಆದ್ರು. ಶಾಸ್ತ್ರಕ್ಕೆ ಅಗೌರವ ಮಾಡಿ ಆದ ಕೆಲಸ ಅಲ್ಲ ಅದು.

ಜಾತಿ ವಿಷ್ಯ ಬಂದಾಗ ಮಾತ್ರ ನಾವೆಲ್ಲ ಬಾಯಿ ಮುಚ್ಕೊಳ್ತೀವಿ. ಕ್ರಿಸ್ತನಲ್ಲಿ ಯೆಹೂದ್ಯ ಗ್ರೀಕ ಅಂತಿಲ್ಲ, ದಾಸ ಒಡೆಯ ಅಂತಿಲ್ಲ ಅನ್ನೋ ಗಲಾತ್ಯ 3:28 ಕಂಠಪಾಠ ಇರುತ್ತೆ, ಮಗಳಿಗೆ ಗಂಡು ಹುಡುಕೋವಾಗ ಮ್ಯಾಟ್ರಿಮೋನಿಯಲ್ಲಿ ಕ್ರಿಶ್ಚಿಯನ್ ಅಂತ ಹಾಕಿ ಪಕ್ಕದಲ್ಲಿ ಮೂರು ತಲೆಮಾರಿನ ಹಿಂದಿನ ಜಾತಿ ಹೆಸರೂ ಹಾಕ್ತಾರೆ. ಚಿನ್ನದ ಉಂಗುರ ಹಾಕ್ಕೊಂಡು ಬಂದವನಿಗೆ ಒಳ್ಳೆ ಸೀಟು, ಬಡವನಿಗೆ ಅಲ್ಲಿ ನಿಂತ್ಕೋ ಅಂತ ಹೇಳಬೇಡಿ ಅಂತ ಯಾಕೋಬನ ಪತ್ರ ಎರಡನೇ ಅಧ್ಯಾಯದಲ್ಲಿ ಇದೆ. ಬೈಬಲ್ ಅಧಿಕಾರ ಅಧಿಕಾರ ಅಂತ ಜೋರಾಗಿ ಹೇಳೋರು ಈ ಎರಡು ಜಾಗಕ್ಕೆ ಬಂದ್ರೆ ನಾನು ಕೈ ಮುಗೀತೀನಿ.

ನಮ್ಮ ಕನ್ನಡದ ಕತೆ ಕೂಡ ಇದಕ್ಕೆ ಸಂಬಂಧ ಪಟ್ಟಿದ್ದೇ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲ್ತು ಭಾಷಾಂತರಕ್ಕೆ ಕೂತ್ರು, ವಿಲಿಯಂ ರೀವ್ ಜೊತೆ ಸೇರಿದ್ರು, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಎರಡು ದಶಕದ ದುಡಿಮೆ ಅದು. ಪಾದ್ರಿಗಳು ಓದಿ ಹೇಳಿದ್ರೆ ಸಾಕು ಅಂತಿದ್ರೆ ಇಷ್ಟು ಕಷ್ಟ ಯಾಕೆ ಪಡ್ತಿದ್ರು? ಮಂಗಳೂರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ಕ್ಕೆ ಮಂಗಳೂರ ಸಮಾಚಾರ ಶುರು ಮಾಡಿದ್ರು, ಆ ದಿನಾನೇ ನೀವು ಪತ್ರಿಕಾ ದಿನ ಅಂತ ಆಚರಿಸೋದು. ಓದೋದು ಬರೆಯೋದು ಸಾಮಾನ್ಯ ಜನರ ಕೈಗೂ ಬರ್ಬೇಕು ಅಂತ ದುಡಿದವರು ಅವರು, ನಾವು ನೋಡಿದ್ರೆ ಇಡೀ ಪುಸ್ತಕ ಕಪಾಟಲ್ಲಿಟ್ಟು ಮೊಬೈಲಲ್ಲಿ ಬಂದ ಒಂದು ಸಾಲಿಗೆ ಆಮೆನ್ ಟೈಪ್ ಮಾಡ್ತಿದ್ದೀವಿ.

ಸೈತಾನ ಕೂಡ ವಚನ ಹೇಳ್ದ ಅನ್ನೋದನ್ನ ನಮ್ಮವರು ಯಾಕೆ ಮರೀತಾರೋ. ಮತ್ತಾಯ ನಾಲ್ಕನೇ ಅಧ್ಯಾಯ, ದೇವಾಲಯದ ಶಿಖರದ ಮೇಲೆ ನಿಲ್ಲಿಸಿ ಕೆಳಗೆ ಹಾರು, ದೇವದೂತರು ಹಿಡ್ಕೊಳ್ತಾರೆ ಅಂತ 91ನೇ ಕೀರ್ತನೆ ಹೇಳ್ದ, ವಚನ ಸರಿಯಾಗೇ ಇತ್ತು. ಯೇಸು ಸ್ವಾಮಿ ಆ ಕೀರ್ತನೆ ತಪ್ಪು ಅನ್ನಲಿಲ್ಲ, ನಿನ್ನ ದೇವರನ್ನ ಪರೀಕ್ಷಿಸಬಾರದು ಅಂತ ಕೂಡ ಬರೆದಿದೆ ಅಂದ್ರು. ನಾನು ನನ್ನ ಸಂಡೆ ಸ್ಕೂಲ್ ಮಕ್ಕಳಿಗೆ ಈ ಭಾಗ ಪ್ರತಿ ವರ್ಷ ಹೇಳ್ಕೊಡ್ತೀನಿ, ಯಾರಾದ್ರೂ ಒಂದು ವಚನ ಹೇಳಿ ಹಾರು ಅಂದ್ರೆ ಬೇರೆ ಏನೇನು ಬರೆದಿದೆ ಅಂತ ಮೊದಲು ನೋಡಿ ಅಂತ.

ಪತ್ರ ಬರೆದ ಆ ಓದುಗರಿಗೆ ನನ್ನದೊಂದು ವಿನಂತಿ, ನಿಮ್ಮ ಕ್ರೈಸ್ತ ಸ್ನೇಹಿತರು ಯಾರಾದ್ರೂ ವಚನ ಕಳಿಸಿದ್ರೆ ಇದರ ಹಿಂದೆ ಮುಂದೆ ಏನಿದೆ ಅಂತ ಧಾರಾಳವಾಗಿ ಕೇಳಿ, ಯಾರೂ ತಪ್ಪು ತಿಳ್ಕೊಳ್ಳಲ್ಲ, ತಿಳ್ಕೊಂಡ್ರೆ ಬೆರೋಯದವರ ಕತೆ ತೋರಿಸಿ. ನಮ್ಮ ಅಯ್ಯನವರುಗಳಿಗೆ, ಪಾಸ್ಟರ್‌ಗಳಿಗೆ ಕೇಳ್ಕೊಳ್ಳೋದು, ಸಿನೊಡ್ (ಸಿ.ಎಸ್.ಐ. ಆಡಳಿತ ಸಭೆ) ಕೊಡೋ ಪಟ್ಟಿ ಪ್ರಕಾರ ಭಾನುವಾರ ಹಳೆ ಒಡಂಬಡಿಕೆ, ಅಪೊಸ್ತಲರ ಪತ್ರ, ಸುವಾರ್ತೆ ಮೂರೂ ಪಾಠ ಪೂರ್ತಿ ಓದಿಸಿ, ಟೈಮ್ ಇಲ್ಲ ಅಂತ ಮೊಟಕು ಮಾಡಬೇಡಿ, ಅನೌನ್ಸ್‌ಮೆಂಟಿಗೆ ಇಪ್ಪತ್ತು ನಿಮಿಷ ಸಿಗುತ್ತೆ, ವಾಕ್ಯಕ್ಕೂ ಸಿಗಲಿ. ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ಅಲ್ಲೇ ನಿಂತು ಇವತ್ತಿನ ಪ್ರಸಂಗದ ಬಗ್ಗೆ ಯಾರಿಗಾದ್ರೂ ಪ್ರಶ್ನೆ ಇದೆಯಾ ಅಂತ ಕೇಳಿ. ಸ್ವಸ್ಥತೆಯ ಕೂಟ ನಡೆಸೋರು ಔಷಧಿ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದ್ದು ತಗೊಳ್ತಾ ಇರಿ ಅಂತ ಮೈಕಲ್ಲೇ ಹೇಳಲಿ, ಹೇಳೋಕೆ ಆಗಲ್ಲ ಅನ್ನೋರ ಕೂಟಕ್ಕೆ ಸಭೆಯ ಹಿರಿಯರು ಜನರನ್ನ ಕಳಿಸಬಾರದು.

ಇಂತಿ ನಿಮ್ಮ ಓದುಗಾರ್ತಿ,
ಒಬ್ಬ ಸಂಡೆ ಸ್ಕೂಲ್ ಟೀಚರ್, ಬೆಂಗಳೂರು